ದಾರಿ ಏನು ಮಾಡುತ್ತದೆ?

ತಮಿಳುನಾಡಿನ ದಿಂಬಂ ಘಟ್ಟದ ರಸ್ತೆಗೆ 27 ಹೇರ್‌ಪಿನ್ ತಿರುವು. ಕೆಳಗೆ ಬಣ್ಣಾರಿ, ಮೇಲೆ ದಿಂಬಂ, ಅದರಾಚೆ ಹಾಸನೂರು, ಎಡಕ್ಕೆ ಹೊರಳಿದರೆ ಕನ್ನಡ ಮನೆಮಾತಿನ ತಾಳವಾಡಿ. ಸತ್ಯಮಂಗಲದ ಕಡೆಯಿಂದ ಬರುವವನು ರಸ್ತೆ ಏರುತ್ತದೆ ಅನ್ನುತ್ತಾನೆ. ತಾಳವಾಡಿಯಿಂದ ಹೊರಟವನು ಅದೇ ರಸ್ತೆ ಇಳಿಯುತ್ತದೆ ಅನ್ನುತ್ತಾನೆ. ಏರುವುದು ಲಾರಿ, ಇಳಿಯುವುದು ತರಕಾರಿ ಟೆಂಪೊ. ರಸ್ತೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಡಾಂಬರು ಸುರಿದ ಜಾಗದಲ್ಲೇ ಬಿದ್ದುಕೊಂಡಿರುತ್ತದೆ. ಈ ‘ಬಿದ್ದುಕೊಂಡಿರುತ್ತದೆ’ಯೂ ಸುಳ್ಳೇ. ಅದು ಎಲ್ಲಿಂದಲೂ ಬಿದ್ದದ್ದಲ್ಲ. ರಸ್ತೆಯ ಬಗ್ಗೆ ಬಾಯಿ ತೆರೆದರೆ ಸಾಕು, ಅದರಿಂದ ಏನಾದರೊಂದು ಕೆಲಸ ಮಾಡಿಸದೆ ನಮಗೆ ಮಾತೇ ಮುಂದುವರಿಯದು.

ಇದನ್ನು ಹಿಡಿದು ಹುಟ್ಟಿದ ಹಳೆಯ ತಮಾಷೆಯೊಂದುಂಟು. ದಾರಿಹೋಕ ಕೇಳುತ್ತಾನೆ, ‘ಈ ದಾರಿ ಎಲ್ಲಿಗ ಹೋಯ್ತದಣ್ಣ?’ ಜಗಲಿಯ ಮೇಲಿನ ಮುದುಕಪ್ಪ ಹೇಳುತ್ತಾನೆ, ‘ನಾ ಹುಟ್ಟದಾಗಿಂದ ನೋಡ್ತಾವ್ನಿ, ಎಲ್ಲಿಗೂ ಹೋಗಿಲ್ಲ, ಇಲ್ಲೇ ಅದ.’ ಕೇಳಿದವರೆಲ್ಲ ನಗುತ್ತಾರೆ. ಆದರೆ ಮುದುಕಪ್ಪನ ತರ್ಕವನ್ನು ಒಪ್ಪಿ ಇನ್ನು ಮುಂದೆ ‘ದಾರಿ ತಾಳವಾಡಿಯವರೆಗೆ ಇದೆ’ ಎಂದಷ್ಟೇ ಹೇಳುವವರು ಯಾರೂ ಇಲ್ಲ. ದಾರಿ ‘ಹೋಗಬೇಕು’, ಇಲ್ಲದಿದ್ದರೆ ಅದು ದಾರಿಯಲ್ಲ. ಉದ್ದಕ್ಕೆ ಚಾಚಿಕೊಂಡಿರುವ ವಸ್ತುವನ್ನು ಅದು ಇರುವ ಹಾಗೆಯೇ, ಅಲುಗಾಡದ ಹಾಗೆ, ಹೇಳಲು ಭಾಷೆಗೆ ಯಾಕೆ ಮನಸ್ಸಿಲ್ಲ?

ಈ ಪ್ರಶ್ನೆಗೆ ಜೊತೆ ಕೊಡುವ ಭಾಷೆಯೊಂದು ಬಹಳ ದೂರದಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ವಾಯವ್ಯ ಮೂಲೆಯಲ್ಲಿ, ಕ್ಲಾಮತ್ ನದಿಯ ಕಣಿವೆಯಲ್ಲಿ, ಕರುಕ್ ಎಂಬ ಬುಡಕಟ್ಟಿನವರ ಭಾಷೆ ಅದು. ಇಂದು ಅದನ್ನು ನಿರರ್ಗಳವಾಗಿ ಆಡುವವರು ಬಹಳ ಕಡಿಮೆ. ಅಲ್ಲಿ ಉತ್ತರ ದಕ್ಷಿಣಗಳಿಗಿಂತ ನದಿ ದೊಡ್ಡದು. ಕರುಕ್ ಎಂದರೆ ನದಿಯ ಮೇಲುಭಾಗದ ಕಡೆ. ಯುರುಕ್ ಎಂದರೆ ನದಿಯ ಕೆಳಭಾಗದ ಕಡೆ. ಮರುಕ್ ಎಂದರೆ ನದಿಯನ್ನು ಬಿಟ್ಟು ಗುಡ್ಡದ ಕಡೆ, ಸರುಕ್ ಎಂದರೆ ಗುಡ್ಡದಿಂದ ನದಿಯ ಕಡೆ. (ನಮ್ಮ ಮರುಕಕ್ಕೂ ಸರಕಿಗೂ ಇವಕ್ಕೂ ನಂಟಿಲ್ಲ.) ಜನಾಂಗದ ಹೆಸರೇ ಮೇಲುಹೊಳೆಯವರು ಎಂದಾಯಿತು, ಕೆಳಗಿನ ನೆರೆಯವರಿಗೆ ಯುರೋಕ್ ಎಂಬ ಹೆಸರು ಬಂತು. ಅಲ್ಲಿನ ಕ್ರಿಯಾಪದಕ್ಕೆ ಬಾಲದಂತೆ ದಿಕ್ಕಿನ ಪ್ರತ್ಯಯ ಅಂಟುತ್ತದೆ: ಹೊಳೆಯಾಚೆಗೆ, ಹೊಳೆಯ ಮೇಲಕ್ಕೆ, ಗುಡ್ಡದಿಂದ ಇತ್ತ ಕೆಳಕ್ಕೆ, ಒಳಕ್ಕೆ, ಹೊರಕ್ಕೆ. ಗೆರೆಯಾಗಿ, ಸಾಲಾಗಿ ಚಾಚಿಕೊಂಡಿರುವುದನ್ನು ಹೇಳಲು ಪ್ರತ್ಯೇಕ ಕ್ರಿಯಾಪದಗಳೂ ಇವೆ. ಗೆರೆ ಅಲ್ಲಿ ನಾಮಪದವಾಗಿ ತೆಪ್ಪಗೆ ಕೂರುವುದಿಲ್ಲ, ಒಂದು ಕಡೆಗೆ ಸಾಗುವ ಕ್ರಿಯೆಯೇ ಆಗುತ್ತದೆ.

ಈ ಭಾಷೆಯ ವ್ಯಾಕರಣವನ್ನು 1957ರಲ್ಲಿ ಪ್ರಕಟಿಸಿದವರು ವಿಲಿಯಂ ಬ್ರೈಟ್. ಕನ್ನಡಿಗರು ನೆನಪಿಡಬೇಕಾದ ಹೆಸರು ಇದು, ಆದರೆ ನೆನಪಿಟ್ಟವರು ಕಡಿಮೆ. ಕರುಕ್ ಕಲಿತ ಆ ಮನುಷ್ಯ ಅಲ್ಲಿಂದ ನೇರ ಬಂದದ್ದು ಕನ್ನಡಕ್ಕೆ. ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಅವರ ಆಡುಗನ್ನಡದ ವ್ಯಾಕರಣವನ್ನು ಪ್ರಕಟಿಸಿತು. ಬರೆಹದ ಕನ್ನಡವನ್ನು ಬದಿಗಿಟ್ಟು ಮನೆ, ಬೀದಿಗಳ ಕನ್ನಡಕ್ಕೆ ವ್ಯಾಕರಣ ಬರೆಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮುಂದೆ ಎ.ಕೆ. ರಾಮಾನುಜನ್ ಅವರ ಜೊತೆ ಸೇರಿ ಜಾತಿಯಿಂದ ಜಾತಿಗೆ ನುಡಿ ಬದಲಾಗುವ ಬಗೆಯ ಮೇಲೂ ಬರೆದರು. ಕರುಕ್ ಜನ ಅವರಿಗೆ ಇಟ್ಟ ಹೆಸರಿಗೆ ‘ಪದ ಕೇಳುವ ಪುಟ್ಟವ’ ಎಂಬ ಅರ್ಥವಿತ್ತು. ಆ ಜನಾಂಗ ಅವರನ್ನು ತನ್ನ ಗೌರವ ಸದಸ್ಯರನ್ನಾಗಿಯೂ ಮಾಡಿಕೊಂಡಿತು. 2006ರಲ್ಲಿ ತೀರಿಕೊಂಡರು. ಕ್ಲಾಮತ್ ಕಣಿವೆಯನ್ನೂ ಮೈಸೂರು ಸೀಮೆಯ ಮಾತನ್ನೂ ಒಂದೇ ಕಿವಿಯಲ್ಲಿ ಕೇಳಿದ ಅವರು ದಿಂಬಂ ಘಟ್ಟದ ಮೇಲೆ ನಿಂತಿದ್ದರೆ ಏನು ಕೇಳುತ್ತಿದ್ದರು ಎಂದು ಯೋಚಿಸುವುದು ನನಗೆ ಇಷ್ಟ.

ಇನ್ನೊಬ್ಬರ ಹೆಸರನ್ನೂ ಇಲ್ಲೇ ಹೇಳಿಬಿಡಬೇಕು. ಅಲುಗದ ವಸ್ತುವಿಗೆ ಚಲನೆಯ ಕ್ರಿಯಾಪದ ಹಚ್ಚುವ ಈ ಪರಿಯನ್ನು ಕಲ್ಪಿತ ಚಲನೆ ಎಂದು ಗುರುತಿಸಿ ಶಾಸ್ತ್ರವಾಗಿಸಿದವರು ಲಿಯೊನಾರ್ಡ್ ಟಾಲ್ಮಿ. ಅವರ 1972ರ ಪಿಎಚ್‌ಡಿ ಪ್ರಬಂಧ ಕೂಡ ಉತ್ತರ ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಬುಡಕಟ್ಟಿನ ನುಡಿಯಾದ ಅಟ್ಸುಗೇವಿಯ ಮೇಲೆ. ಆ ಬಳಿಕ ಟೀನಿ ಮ್ಯಾಟ್ಲಾಕ್ ಎಂಬ ವಿದ್ವಾಂಸೆ ಪ್ರಯೋಗಗಳನ್ನು ಮಾಡಿ 2004ರಲ್ಲಿ ಪ್ರಕಟಿಸಿದರು. ಓದುಗರಿಗೆ ಮೊದಲು ಒಂದು ಪ್ರಯಾಣದ ಕತೆ, ಆಮೇಲೆ ರಸ್ತೆ ಹೀಗೆ ಹಾದುಹೋಗುತ್ತದೆ ಎನ್ನುವ ಒಂದು ವಾಕ್ಯ. ಕತೆಯಲ್ಲಿ ಪ್ರಯಾಣ ನಿಧಾನವಾಗಿದ್ದರೆ, ನೆಲ ದುರ್ಗಮವಾಗಿದ್ದರೆ, ಆ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ಹೆಚ್ಚು ಹೊತ್ತು ಹಿಡಿಯಿತು. ಅಂದರೆ ‘ರಸ್ತೆ ಹೋಗುತ್ತದೆ’ ಎಂದು ಓದುವಾಗ ಓದುಗನ ಮನಸ್ಸು ಆ ರಸ್ತೆಯಲ್ಲಿ ನಡೆಯುತ್ತಿತ್ತು. ದಿಂಬಂ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತವರಿಗೆ ಪ್ರಯೋಗ ಬೇಕಿಲ್ಲ. ತಿರುವುಗಳನ್ನು ಎಣಿಸುತ್ತ ಕೂತ ಮಗುವಿನ ಹೊಟ್ಟೆ ತೊಳಸುವುದೇ ಸಾಕ್ಷಿ.

ಇಷ್ಟು ಹೇಳಿದರೆ ವಿಷಯ ಮುಗಿಯಿತು, ಭಾಷೆಗಳೆಲ್ಲ ಹೀಗೆಯೇ ಎಂದು ಕೈ ತೊಳೆದುಕೊಳ್ಳಬಹುದು. ಮುಗಿಯುವುದಿಲ್ಲ. ಏಕೆಂದರೆ ಎಲ್ಲ ಗೆರೆಗಳಿಗೂ ಈ ಚಲನೆ ಒದಗುವುದಿಲ್ಲ. ಯೊ ಮತ್ಸುಮೊಟೊ ಎಂಬ ಭಾಷಾವಿಜ್ಞಾನಿ 1996ರಲ್ಲಿ ಜಪಾನಿ ಭಾಷೆಯ ಬಗ್ಗೆ ಬರೆಯುತ್ತ, ಮನುಷ್ಯ ನಡೆದು ಹೋಗಬಹುದಾದ ದಾರಿಗೆ ಚಲನೆಯ ಕ್ರಿಯಾಪದ ಸಲೀಸಾಗಿ ಹೊಂದುತ್ತದೆ, ತಂತಿಗೆ ಗೋಡೆಗೆ ಅಷ್ಟು ಸಲೀಸಾಗಿ ಹೊಂದುವುದಿಲ್ಲ ಎಂದು ತೋರಿಸಿದರು. ಕನ್ನಡದಲ್ಲಿ ಇದನ್ನು ಒರೆಗೆ ಹಚ್ಚಿ ನೋಡಿ. ‘ರಸ್ತೆ ಚಾಮರಾಜನಗರಕ್ಕೆ ಹೋಗುತ್ತದೆ’ ಸರಿ. ‘ಗೋಡೆ ಹೋಗುತ್ತದೆ’ ಎಂದರೆ? ರಸ್ತೆ ಅಗಲ ಮಾಡುವವರು ಗುರುತು ಹಾಕಿ ಹೋಗಿದ್ದಾರೆ, ಇನ್ನು ಗೋಡೆ ಉಳಿಯುವುದಿಲ್ಲ ಎಂದೇ ಅರ್ಥ. ‘ಹೊಲದ ಮೇಲೆ ಕರೆಂಟ್ ಲೈನ್ ಹೋಗಿದೆ’ ಸರಿ, ಆದರೆ ‘ಹೋಗುತ್ತದೆ’ ಅನ್ನುವಷ್ಟು ಸಲೀಸಲ್ಲ. ಎಳೆದವರು ಎಳೆದು ಮುಗಿಸಿದ್ದಾರೆ, ಅದು ಹೋಗಿಯಾಗಿದೆ. ದಾರಿ ಮಾತ್ರ ಎಂದೂ ಹೋಗಿ ಮುಗಿಯುವುದಿಲ್ಲ, ಯಾರಾದರೂ ನಡೆಯುತ್ತಿರುವತನಕ ಅದು ಹೋಗುತ್ತಲೇ ಇರುತ್ತದೆ.

ಬೆಟ್ಟದ ಸಾಲಿನದು ಮೂರನೆಯ ಬಗೆ. ಅದು ಹೋಗುವುದೂ ಇಲ್ಲ, ಅದನ್ನು ಯಾರೂ ಎಳೆದೂ ಇಲ್ಲ. ‘ಚಾಚಿಕೊಂಡಿದೆ’ ಅನ್ನುತ್ತೇವೆ. ಕೈ ಚಾಚುವ ಕ್ರಿಯಾಪದ, ಅದಕ್ಕೆ ‘ಕೊಂಡು’, ಅದಕ್ಕೆ ‘ಇದೆ’. ಬೆಟ್ಟ ಎಂದೋ ಒಮ್ಮೆ ತಾನಾಗಿ ತನ್ನನ್ನು ಚಾಚಿತು, ಈಗ ಆ ಸ್ಥಿತಿಯಲ್ಲಿ ಇದೆ. ಭೂವಿಜ್ಞಾನಿಗಳಿಗೂ ಇದಕ್ಕಿಂತ ಒಳ್ಳೆಯ ವಾಕ್ಯ ಸಿಗುವುದು ಕಷ್ಟ. ಮುಗಿದ ಕ್ರಿಯೆಗೆ ‘ಇರು’ ಸೇರಿಸಿ ಕನ್ನಡ ಒಂದು ಬಗೆಯ ಸ್ಥಾವರವನ್ನು ಕಟ್ಟುತ್ತದೆ: ಹಬ್ಬಿದೆ, ಹರಡಿದೆ, ಬಾಗಿದೆ, ಸುತ್ತಿದೆ, ಕವಲೊಡೆದಿದೆ. ಇರುವುದೆಲ್ಲ ಒಮ್ಮೆ ಆದದ್ದು ಎಂಬ ನಂಬಿಕೆ ಈ ವ್ಯಾಕರಣದ ಒಳಗೇ ಇದೆ.

ಇನ್ನು ದಿಕ್ಕು. ಕನ್ನಡದ ಅಚ್ಚ ದಿಕ್ಕುಗಳಲ್ಲಿ ಎರಡು ಸೂರ್ಯನ ಕೆಲಸದಿಂದ ಬಂದವು. ಅವನು ಮೂಡುವ ಕಡೆ ಮೂಡಲು, ಪಡುವ ಕಡೆ, ಅಂದರೆ ಬೀಳುವ ಕಡೆ, ಪಡುವಲು. ತಾಳವಾಡಿಯ ಜನರ ಕಿವಿಯಲ್ಲಿ ಇದರ ಜೊತೆಗೇ ತಮಿಳೂ ಇದೆ. ತಮಿಳಿನಲ್ಲಿ ಪಶ್ಚಿಮಕ್ಕೆ ಮೇರ್ಕು, ಪೂರ್ವಕ್ಕೆ ಕಿೞಕ್ಕು. ಒಂದರಲ್ಲಿ ಮೇಲು ಇದೆ, ಇನ್ನೊಂದರಲ್ಲಿ ಕೀಳು, ಅಂದರೆ ಕೆಳಗು. ತಮಿಳು ನೆಲ ಪಶ್ಚಿಮ ಘಟ್ಟದಿಂದ ಬಂಗಾಳ ಕೊಲ್ಲಿಗೆ ಇಳಿಜಾರು, ಆ ಇಳಿಜಾರೇ ದಿಕ್ಕಾಯಿತು. ಕರುಕ್ ಜನ ನದಿಯನ್ನು ನೋಡಿ ದಿಕ್ಕು ಹೇಳಿದ ಹಾಗೆಯೇ ಇದು. ವಿಚಿತ್ರವೆಂದರೆ ಘಟ್ಟದ ಆಚೆಯ ಮಲಯಾಳದಲ್ಲೂ ಪೂರ್ವಕ್ಕೆ ಕಿೞಕ್ಕು ಎಂದೇ ಹೆಸರು. ಕೇರಳದಲ್ಲಿ ಪೂರ್ವಕ್ಕೆ ತಿರುಗಿದರೆ ಎದುರಿಗಿರುವುದು ಬೆಟ್ಟ, ಅದು ಮೇಲು, ಕೆಳಗಲ್ಲ. ಈ ಪದ ಘಟ್ಟದ ಪೂರ್ವದಿಂದ ಜನರ ಜೊತೆ ಬಂದದ್ದಕ್ಕೆ ಗುರುತು ಎಂದು ರಾಬರ್ಟ್ ಕಾಲ್ಡ್‌ವೆಲ್ ಹತ್ತೊಂಬತ್ತನೆಯ ಶತಮಾನದಲ್ಲೇ ವಾದಿಸಿದ್ದರು. ನೆಲ ಬದಲಾದರೂ ಇಳಿಜಾರು ಮಾತಿನಲ್ಲಿ ಉಳಿಯಿತು.

ಹೀಗೆ ಒಂದೇ ಬೆಟ್ಟದ ಮೇಲೆ ಎರಡು ಅಳತೆಗೋಲು. ಕನ್ನಡದಲ್ಲಿ ಮಾತಾಡುವಾಗ ಆಕಾಶ ನೋಡುತ್ತ ದಿಕ್ಕು ಹೇಳುವವನು ತಮಿಳಿಗೆ ಹೊರಳಿದೊಡನೆ ನೆಲ ನೋಡುತ್ತಾನೆ. ಹೇಳುವವನಿಗೆ ಇದರ ಅರಿವು ಇರಬೇಕಾಗಿಲ್ಲ, ಇರುವುದೂ ಇಲ್ಲ. ಆದರೆ ತಾಳವಾಡಿಯ ಕನ್ನಡಕ್ಕೂ ತನ್ನದೇ ಇಳಿಜಾರಿದೆ. ಸತ್ಯಮಂಗಲಕ್ಕೆ ಹೋಗುವುದೆಂದರೆ ಘಟ್ಟ ಇಳಿಯುವುದು, ಬರುವುದೆಂದರೆ ಹತ್ತುವುದು. ಚಾಮರಾಜನಗರಕ್ಕೆ ಹೋಗುವುದು ಬರೀ ಹೋಗುವುದು. ಜಿಲ್ಲಾ ಕೇಂದ್ರವಾದ ಈರೋಡು ಇಳಿದು ತಲುಪಬೇಕಾದ ಊರು, ಬೇರೆ ರಾಜ್ಯದ ಚಾಮರಾಜನಗರ ಸಮನೆಲದ ಊರು. ರಾಜ್ಯದ ನಕ್ಷೆ ಏನು ಹೇಳಿದರೂ ಮೊಣಕಾಲಿಗೆ ಗೊತ್ತಿರುವುದು ಈ ಎರಡು ಕ್ರಿಯಾಪದಗಳ ಅಂತರ.

ದಿಕ್ಕೇ ಜನರ ಹೆಸರಾಗುವುದಕ್ಕೆ ಕ್ಲಾಮತ್‌ವರೆಗೆ ಹೋಗಬೇಕಿಲ್ಲ. ತಾಳವಾಡಿಯಿಂದ ನೈಋತ್ಯಕ್ಕಿರುವ ನೀಲಗಿರಿಯ ಬಡಗರು ಬಡಗಿನಿಂದ, ಅಂದರೆ ಉತ್ತರದಿಂದ, ಬಂದವರು. ಅವರ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಎಷ್ಟೋ ತಲೆಮಾರಿನಿಂದ ದಕ್ಷಿಣದಲ್ಲೇ ಇದ್ದರೂ ಹೆಸರಿನಲ್ಲಿ ಅವರು ಇನ್ನೂ ಉತ್ತರದವರು. ಬಂದ ದಾರಿ ಹೆಸರಿಗೆ ಅಂಟಿಕೊಂಡಿತು.

ನೀರಿನ ಗೆರೆಗೆ ಬರೋಣ. ದಿಂಬಂ ಏಣಿನ ತೆಂಕಲಿಗೆ ಬಿದ್ದ ಮಳೆ ಮೋಯಾರ್, ಭವಾನಿಯ ಪಾಲು. ಬಡಗಲಿಗೆ, ತಾಳವಾಡಿಯ ಕಡೆಗೆ ಬಿದ್ದದ್ದು ಚಿಕ್ಕಹೊಳೆ, ಸುವರ್ಣಾವತಿಗಳ ಪಾಲು. ಬಡಗಲ ನೀರು ಚಾಮರಾಜನಗರ ಸೀಮೆಯಲ್ಲಿ ಹರಿದು ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ. ತೆಂಕಲ ನೀರು ಭವಾನಿಸಾಗರದಲ್ಲಿ ನಿಂತು, ಬಯಲಿನುದ್ದಕ್ಕೂ ಸಾಗಿ, ಭವಾನಿ ಪಟ್ಟಣದ ಬಳಿ ಅದೇ ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡದ ನೀರು ಎರಡು ರಾಜ್ಯ ಸುತ್ತಿ ಮತ್ತೆ ಒಂದಾಗುತ್ತದೆ. ಕಾವೇರಿಯ ಮೇಲೆ ವ್ಯಾಜ್ಯ ಹೂಡುವ ಎರಡೂ ಕಡೆಯವರು ಒಮ್ಮೆ ಈ ಏಣಿನ ಮೇಲೆ ಮಳೆಯಲ್ಲಿ ನಿಲ್ಲಬೇಕು.

ಈ ನೀರು ಮಾಡುವ ಕೆಲಸಕ್ಕೆ ಕನ್ನಡದ ಕ್ರಿಯಾಪದ ‘ಹರಿ’. ಹೊಳೆ ಹರಿಯುತ್ತದೆ, ಹಾವೂ ಹರಿಯುತ್ತದೆ. ದೃಷ್ಟಿ ಹರಿಯುತ್ತದೆ, ಬೆಳಗು ಹರಿಯುತ್ತದೆ. ಬಟ್ಟೆಯೂ ಹರಿಯುತ್ತದೆ. ಸಾಗುವುದಕ್ಕೂ ಸೀಳಿಹೋಗುವುದಕ್ಕೂ ಒಂದೇ ಉಚ್ಚಾರ. ಇವೆರಡೂ ಮೂಲದಲ್ಲಿ ಒಂದೇ ಧಾತುವೋ ಅಲ್ಲವೋ ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ. ಆಡುವ ಬಾಯಿಗೆ ಅವು ಒಂದೇ. ಉದ್ದಕ್ಕೆ ನಡೆಯುವವನಿಗೆ ಗೆರೆ ಸಾಗುವ ದಾರಿ, ಅಡ್ಡಲಾಗಿ ಬಂದವನಿಗೆ ಅದು ಸೀಳು. ನೀರಿನ ವಿಷಯದಲ್ಲಿ ಇದು ಬರೀ ಚಮತ್ಕಾರ. ಕಾಡಿನ ವಿಷಯದಲ್ಲಿ ಅಲ್ಲ.

ಆನೆಯ ದಾರಿಗೆ ಈ ಸೀಮೆಯ ಕನ್ನಡದ ಕ್ರಿಯಾಪದ ‘ಬೀಳು’. ‘ಇಲ್ಲಿ ಆನೆ ದಾರಿ ಬಿದ್ದದ’ ಅನ್ನುತ್ತಾರೆ. ಯಾರೂ ಹಾಕಿದ್ದಲ್ಲ, ನಡೆದು ನಡೆದು ಬಿದ್ದದ್ದು. ಕಾಲುದಾರಿಯೂ ಹಾಗೇ ಬೀಳುತ್ತದೆ. ಪುಣಜನೂರು, ಮುದ್ದಹಳ್ಳಿಗಳ ಬಳಿಯ ಇಂಥ ಆನೆ ದಾರಿಗಳು ಚಾಮರಾಜನಗರದ ಕಾಡನ್ನೂ ತಲಮಲೆಯ ಕಾಡನ್ನೂ ಕೂಡಿಸುತ್ತವೆ. 2013ರಲ್ಲಿ ತಮಿಳುನಾಡಿನ ಕಡೆಯ ಕಾಡು ಸತ್ಯಮಂಗಲ ಹುಲಿ ಮೀಸಲು ಪ್ರದೇಶವಾಯಿತು. ಅದರ ಹರವು 1,400 ಚದರ ಕಿಲೋಮೀಟರ್‌ಗೂ ಮಿಗಿಲು. ಅದರ ನಡುವೆ ಹೆದ್ದಾರಿ. ರಸ್ತೆಯ ಉದ್ದಕ್ಕೆ ಸಾಗುವ ಲಾರಿಗೆ ಅದು ಕೊಯಮತ್ತೂರನ್ನೂ ಬೆಂಗಳೂರನ್ನೂ ಕೂಡಿಸುವ ಗೆರೆ, ಅಡ್ಡ ದಾಟುವ ಆನೆಗೆ ಸೀಳಿದ ಗೆರೆ. 2022ರ ಫೆಬ್ರುವರಿ 10ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂತು. ಊರವರು ವಿರೋಧಿಸಿದರು. ಅವರ ವಿರೋಧದಲ್ಲಿ ಹುರುಳಿಲ್ಲವೆಂದು ದೂರ ಕೂತು ಹೇಳುವ ಧೈರ್ಯ ನನಗಿಲ್ಲ. ರಾತ್ರಿ ಹೆರಿಗೆ ನೋವು ಬಂದವಳಿಗೆ, ಬೆಳಗಿನ ಮಾರುಕಟ್ಟೆಗೆ ಎಲೆಕೋಸು ಮುಟ್ಟಿಸಬೇಕಾದವನಿಗೆ ರಸ್ತೆ ‘ಹೋಗಲೇ’ಬೇಕು. ಹೋಗದ ರಸ್ತೆಯಿಂದ ಅವರಿಗೇನು?

ಆನೆಯೂ ಈ ರಸ್ತೆಯ ವ್ಯಾಕರಣವನ್ನು ತನ್ನ ರೀತಿಯಲ್ಲಿ ಕಲಿತಿದೆ. ಹಾಸನೂರಿನ ಸುತ್ತಮುತ್ತ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳ ಸುದ್ದಿ ಹೊಸದೇನಲ್ಲ. ಅವುಗಳ ಪಾಲಿಗೆ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಕಬ್ಬು ಬರುತ್ತದೆ, ಅಷ್ಟೆ.

ಊರಿನವರು ಆನೆ ತಡೆಯಲು ಮಾಡಿದ ಗೆರೆಗಳು ಬೇರೆ. ಕಂದಕ ತೋಡುತ್ತಾರೆ, ಸೋಲಾರ್ ಬೇಲಿ ಹಾಕುತ್ತಾರೆ, ತಂತಿ ಎಳೆಯುತ್ತಾರೆ, ಬದು ಕಟ್ಟುತ್ತಾರೆ. ಇಲ್ಲಿ ನನಗೆ ಶಾಲೆಯ ವ್ಯಾಕರಣದ ಎರಡು ಹೆಸರುಗಳು ಮೊದಲ ಬಾರಿಗೆ ಉಪಯೋಗಕ್ಕೆ ಬಂದ ಹಾಗೆ ಅನ್ನಿಸಿತು: ಅಕರ್ಮಕ, ಸಕರ್ಮಕ. ಹೊಳೆ ಹರಿಯುತ್ತದೆ, ಬಳ್ಳಿ ಹಬ್ಬುತ್ತದೆ, ಬೆಟ್ಟ ಚಾಚುತ್ತದೆ, ದಾರಿ ಬೀಳುತ್ತದೆ. ಇವು ಅಕರ್ಮಕ ಗೆರೆಗಳು, ತಾವೇ ಕರ್ತೃಗಳು. ಕಂದಕ, ಬೇಲಿ, ತಂತಿಗಳು ಸಕರ್ಮಕ ಗೆರೆಗಳು. ಅವು ಏನನ್ನೂ ಮಾಡುವುದಿಲ್ಲ, ಅವನ್ನು ಯಾರೋ ಮಾಡುತ್ತಾರೆ. ಮೊದಲ ಬಗೆಯ ಗೆರೆಯನ್ನು ನೋಡಿದಾಗ ‘ಎಲ್ಲಿಗೆ?’ ಎಂದು ಕೇಳುತ್ತೇವೆ. ಎರಡನೆಯದನ್ನು ನೋಡಿದಾಗ ಕೇಳಬೇಕಾದದ್ದು ‘ಯಾರು?’ ಎಂದು. ನೆಲದ ಮೇಲಿನ ಜಗಳಗಳಲ್ಲಿ ಬಹುಪಾಲು ಒಂದು ಬಗೆಯ ಗೆರೆ ಇನ್ನೊಂದರ ಮೇಲೆ ಹಾದು ಹೋದದ್ದರಿಂದ ಹುಟ್ಟಿದವು. 2023ರ ಏಪ್ರಿಲ್‌ನಲ್ಲಿ ತಾಳವಾಡಿ ಭಾಗದಲ್ಲಿ ರೈತರ ಪ್ರಾಣಕ್ಕೆ ಎರವಾಗಿದ್ದ, ಕರುಪ್ಪನ್ ಎಂಬ ಹೆಸರು ಬಿದ್ದಿದ್ದ ಆನೆಯನ್ನು ಅರಿವಳಿಕೆ ಕೊಟ್ಟು ಹಿಡಿದು ಬೇರೆಡೆಗೆ ಸಾಗಿಸಿದರು. ಸಾಗುತ್ತಿದ್ದದ್ದನ್ನು ಸಾಗಿಸಿದರು. ಅಕರ್ಮಕ ಸಕರ್ಮಕವಾಯಿತು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಗದ್ದೆಯಲ್ಲಿ ರಾತ್ರಿ ಕಾವಲಿಗೆ ಕೂರುವವನ ಜೀವಕ್ಕೂ ಬೆಲೆಯಿದೆ.

ಈಗ ಎಲ್ಲಕ್ಕಿಂತ ಉದ್ದದ ಗೆರೆ, ರಾಜ್ಯದ ಗಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಕೈಗೆ ಹೋಯಿತು. ಅದಕ್ಕೂ ಮುಂಚೆ, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪುವಿನ ಸೈನ್ಯ ಇಲ್ಲೇ ಪಶ್ಚಿಮಕ್ಕಿರುವ ಗಜ್ಜಲಹಟ್ಟಿ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದಿತ್ತು. ಆಗ ಇದು ಇಳಿಯುವ ದಾರಿ, ಗಡಿಯಲ್ಲ. 1799ರ ಬಳಿಕ ಮೈಸೂರು ಒಂದು ಕಡೆ, ಮದ್ರಾಸು ಇನ್ನೊಂದು ಕಡೆ. ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಯಲ್ಲಿ ಜೊತೆಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡವಾಗಿರುವ ಊರುಗಳ ಸಾಲು ಗೆರೆಯ ಆಚೆ ಉಳಿಯಿತು. 1979ರಲ್ಲಿ ಕೊಯಮತ್ತೂರು ಒಡೆದು ಇಂದಿನ ಈರೋಡು ಜಿಲ್ಲೆ ಆಯಿತು. ಊರು ಅಲ್ಲೇ ಇತ್ತು, ಜಿಲ್ಲೆ ಬದಲಾಯಿತು. 2000ದ ಜುಲೈ 30ರ ರಾತ್ರಿ ತಾಳವಾಡಿ ಬಳಿಯ ದೊಡ್ಡಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದಾಗ, ಗಾಜನೂರು ಕರ್ನಾಟಕದಲ್ಲಿಲ್ಲ ಎಂಬುದನ್ನು ಕನ್ನಡಿಗರಲ್ಲಿ ಬಹಳ ಮಂದಿ ಆಗಲೇ ಗಮನಿಸಿರಬೇಕು. ಗಡಿಗಳು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ ಕಣ್ಣಿಗೆ ಬೀಳುವುದು.

ಈ ಗೆರೆಗೆ ಯಾವ ಕ್ರಿಯಾಪದ? ಇದರ ಉದ್ದಕ್ಕೂ ನಡೆಯುವವರು ಯಾರೂ ಇಲ್ಲ. ಆದ್ದರಿಂದ ಅದು ಹೋಗುವುದಿಲ್ಲ, ಏರುವುದಿಲ್ಲ, ಹರಿಯುವುದಿಲ್ಲ. ಪತ್ರಿಕೆಯಲ್ಲಿ ‘ಗಡಿ ಹಾದುಹೋಗುತ್ತದೆ’ ಎಂದು ಬರೆಯುವುದುಂಟು, ಊರಿನ ಬಾಯಲ್ಲಿ ಆ ಮಾತು ನಿಲ್ಲುವುದಿಲ್ಲ. ದಾಟುವುದಕ್ಕೆ ಮಾತ್ರ ಒದಗುವ ಗೆರೆ ಇದು. ಅದನ್ನೂ ತಾಳವಾಡಿಯವರು ಹೇಳುವುದು ಕಡಿಮೆ. ಚಾಮರಾಜನಗರದ ಸಂತೆಗೆ ಹೋಗಿ ಬಂದವರು ‘ಹೋಗಿ ಬಂದೆ’ ಅನ್ನುತ್ತಾರೆಯೇ ಹೊರತು ‘ಗಡಿ ದಾಟಿ ಬಂದೆ’ ಅನ್ನುವುದಿಲ್ಲ. ಕವಿರಾಜಮಾರ್ಗ ಕನ್ನಡ ನಾಡನ್ನು ಗುರುತಿಸಿದ್ದು ಎರಡು ನದಿಗಳಿಂದ, ತೆಂಕಲಿಗೆ ಕಾವೇರಿ, ಬಡಗಲಿಗೆ ಗೋದಾವರಿ. ಅಕರ್ಮಕ ಗೆರೆಗಳು. ಆ ಲೆಕ್ಕಕ್ಕೆ ಅಂಟಿಕೊಂಡರೆ ತಾಳವಾಡಿ ಮಾತ್ರವಲ್ಲ, ಚಾಮರಾಜನಗರ, ಮೈಸೂರುಗಳೂ ಹೊರಗೆ ಉಳಿಯುತ್ತವೆ. ಹಾಗಾಗಿ ನದಿಯನ್ನು ನಂಬಿದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳಲಾರೆ.

ಗಡಿಗೆ ಇನ್ನೊಂದು ಹೆಸರು ಎಲ್ಲೆ. ಶಿಷ್ಟ ಕನ್ನಡದಲ್ಲಿ ಎಲ್ಲೆ ಎಂದರೆ ಅಂಚು, ಮೀರಬಾರದ ಗೆರೆ. ತಾಳವಾಡಿಯ ಕಾಡಿಗೆ ಒತ್ತಿಕೊಂಡೇ ಇರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಎಲ್ಲೆ ಎಂದರೆ ಅಂಚಲ್ಲ, ಒಂದು ಕುಲಕ್ಕೆ ಸೇರಿದ ಕಾಡಿನ ಹರವು. ಅದರೊಳಗೆ ಆ ಕುಲದ ದೇವರು, ವೀರು ಎಂಬ ಭೂತದ ತಾಣ, ಅಬ್ಬಿ ಎಂಬ ಒರತೆ, ಸತ್ತವರ ಕಲ್ಲುಗುಡಿ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ನಡೆದು ಈ ಎಲ್ಲೆಗಳ ನಕ್ಷೆ ಮಾಡಿದರು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯದ ಹಕ್ಕುಪತ್ರಗಳೂ ಸಿಕ್ಕವು. ನಮಗೆ ಹೊರಗಿನಿಂದ ಕಾಣುವ ಗೆರೆ ಅವರಿಗೆ ಒಳಗಿನಿಂದ ತಿಳಿದ ಜಾಗ. ಎಲ್ಲೆಯ ಅಂಚು ಎಲ್ಲಿ ಎಂದು ಕೇಳುವುದಕ್ಕಿಂತ ಎಲ್ಲೆಯೊಳಗೆ ಏನೇನು ಇದೆ ಎಂದು ಕೇಳುವುದು ಅಲ್ಲಿ ಹೆಚ್ಚು ಅರ್ಥವಂತ. 1956ರಲ್ಲಿ ನಕ್ಷೆಯ ಮುಂದೆ ಕೂತವರಿಗೆ ಈ ಪ್ರಶ್ನೆ ಹೊಳೆದಿದ್ದರೆ ಬೇರೆ ಗೆರೆ ಬರುತ್ತಿತ್ತೆಂದು ನಾನು ಭಾವಿಸುವುದಿಲ್ಲ. ಆಡಳಿತಕ್ಕೆ ಅಂಚು ಬೇಕು, ಅಂಚಿಲ್ಲದೆ ಕಂದಾಯ ವಸೂಲಾಗದು.

ಆದರೆ ಒಂದು ತಕರಾರು ನನ್ನದು ಉಳಿದಿದೆ, ಅದು ಕಚೇರಿಯ ಕನ್ನಡದ ಮೇಲೆ. ‘ಗಡಿ ಗುರುತಿಸಲಾಗಿದೆ.’ ‘ಬೇಲಿ ಅಳವಡಿಸಲಾಗಿದೆ.’ ‘ಪ್ರವೇಶ ನಿಷೇಧಿಸಲಾಗಿದೆ.’ ಈ ಕರ್ಮಣಿ ಪ್ರಯೋಗ ಆಡುಮಾತಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಾಳವಾಡಿಯ ರೈತ ‘ಬೇಲಿ ಹಾಕವ್ರ’ ಅನ್ನುತ್ತಾನೆ. ಯಾರು ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ, ಆದರೆ ಆ ‘ಅವ್ರ’ ಅಲ್ಲಿ ಕೂತಿದೆ, ಯಾರೋ ಹಾಕಿದರು ಎಂಬುದನ್ನು ವಾಕ್ಯ ಮರೆಯುವುದಿಲ್ಲ. ‘ಲಾಗಿದೆ’ ಬಂದೊಡನೆ ಅವರು ಮಾಯ. ಸಕರ್ಮಕ ಗೆರೆಯೊಂದು ಅಕರ್ಮಕದ ವೇಷ ಹಾಕುತ್ತದೆ, ಎಂದಿನಿಂದಲೂ ಬೆಟ್ಟದ ಹಾಗೆ ತಾನೇ ಚಾಚಿಕೊಂಡಿತ್ತು ಎನ್ನುವಂತೆ ಮಲಗುತ್ತದೆ. ಎರಡು ತಲೆಮಾರು ಕಳೆದರೆ ಅದು ಪ್ರಕೃತಿಯೇ ಆಗಿಬಿಡುತ್ತದೆ. ಮಾತಾಡುವ ಕನ್ನಡ ಇಲ್ಲಿ ಬರೆಯುವ ಕನ್ನಡಕ್ಕಿಂತ ಪ್ರಾಮಾಣಿಕ ಎಂದು ನನ್ನ ತೀರ್ಪು.

    

ಕೊನೆಯದಾಗಿ ಒಂದು ಕೋರಿಕೆ. ಜಾನಪದ, ಉಪಭಾಷೆಗಳ ಕೆಲಸ ಮಾಡುವವರು ಊರಿಗೆ ಹೋದಾಗ ಮರದ ಹೆಸರು, ಹಕ್ಕಿಯ ಹೆಸರು, ನೇಗಿಲಿನ ಭಾಗಗಳ ಹೆಸರು ಬರೆದುಕೊಳ್ಳುತ್ತಾರೆ. ಹೆಸರುಗಳು ಬೇಗ ಸಿಗುತ್ತವೆ, ಪಟ್ಟಿಯಲ್ಲಿ ಚೆನ್ನಾಗಿ ಕೂರುತ್ತವೆ. ಯಾವ ಹೆಸರಿಗೆ ಯಾವ ಕ್ರಿಯಾಪದ ಹತ್ತುತ್ತದೆ ಎಂಬುದನ್ನು ಬರೆದುಕೊಳ್ಳುವವರು ಅಪರೂಪ. ತಾಳವಾಡಿಯ ಮಕ್ಕಳು ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಒಟ್ಟಿಗೆ ಕಲಿಯುತ್ತ ಬೆಳೆಯುತ್ತಿದ್ದಾರೆ. ಹೆಸರುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತು ತರುವುದು ಅವರಿಗೆ ಕಷ್ಟವಾಗದು, ಅಪ್ಪ ಅಮ್ಮಂದಿರ ಕ್ರಿಯಾಪದಗಳು ಜಾರಿಹೋಗುವುದು ಮಾತ್ರ ಸದ್ದಿಲ್ಲದೆ. ಮುಂದಿನ ಬಾರಿ ಈ ಬೆಟ್ಟದಲ್ಲಿ ಯಾವ ಅಜ್ಜಿಯ ಬಳಿಯಾದರೂ ದಾರಿಯೊಂದರ ಹೆಸರು ಕೇಳುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಈ ದಾರಿ ಏನ್ ಮಾಡ್ತದವ್ವ?’ ಉತ್ತರವನ್ನು ಅವಳು ಹೇಳಿದಂತೆಯೇ, ‘ಲಾಗಿದೆ’ ಸೇರಿಸದೆ, ಬರೆದುಕೊಳ್ಳಿ.